ಎಸಿ 24ಕ್ಕಿದ್ದರೂ ಸೆಕೆ ಯಾಕೆ? ತಲೆಯ ಮೇಲಿನ ಸ್ಲ್ಯಾಬನ್ನು ಕೇಳಿ

ಪ್ರಶ್ನೆ: “ಸರ, ಹುಬ್ಬಳ್ಳಿಯೊಳಗ ಮ್ಯಾಲಿನ ಫ್ಲೋರಿನ ಒಂದು ಆಫೀಸು ಎನರ್ಜಿಪ್ಲಸ್‌ನ್ಯಾಗ ಮಾಡೆಲ್ ಮಾಡೇವಿ. ಎಸಿ 24ಕ್ಕ ಐತಿ, ರಿಪೋರ್ಟಿನ್ಯಾಗೂ ಗಾಳಿ 24 ಅಂತನ ಬರತೈತಿ. ಆದ್ರ ಪಿಎಂವಿ ಪ್ಲಸ್ ತೋರಸತೈತಿ. ಸಾಫ್ಟ್‌ವೇರ್ ತಪ್ಪೈತೇನ್ರಿ?”

ಸಾಫ್ಟ್‌ವೇರ್ ತಪ್ಪಿಲ್ಲ. (ಎನರ್ಜಿಪ್ಲಸ್ ಎಂದರೆ ಕಟ್ಟಡದ ಬಿಸಿ, ವಿದ್ಯುತ್ತಿನ ಲೆಕ್ಕ ಹಾಕುವ ಸಾಫ್ಟ್‌ವೇರ್. ಪಿಎಂವಿ ಎಂದರೆ ಜನರಿಗೆ ಸರಾಸರಿ ಎಷ್ಟು ಸೆಕೆ ಅಥವಾ ಚಳಿ ಅನಿಸುತ್ತದೆ ಎಂಬ ಅಂಕಿ: ಸೊನ್ನೆ ಎಂದರೆ ಹಿತ, ಪ್ಲಸ್ ಎಂದರೆ ಸೆಕೆ.) ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ಅದರ ಬೆನ್ನಿಗೇ ಅದೇ ಹಳೆಯ ನಂಬಿಕೆ: ಗಾಳಿಯ ಉಷ್ಣತೆ ಸರಿಯಿದ್ದರೆ ಮೈಗೂ ಹಿತ. ಇದೊಂದನ್ನು ಬಿಡಿಸಿದರೆ ಉಳಿದದ್ದು ಸಲೀಸು.

ಡೆನ್ಮಾರ್ಕಿನ ಸಂಶೋಧಕ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಪಿಎಂವಿ ಲೆಕ್ಕಕ್ಕೆ ಆರು ಅಂಕಿ ಬೇಕು: ಗಾಳಿಯ ಉಷ್ಣತೆ, ಸುತ್ತಲಿನ ಮೇಲ್ಮೈಗಳ (ಗೋಡೆ, ಸೂರು, ನೆಲ) ಸರಾಸರಿ ವಿಕಿರಣ ಉಷ್ಣತೆ, ಗಾಳಿಯ ವೇಗ, ತೇವಾಂಶ, ಬಟ್ಟೆ, ಮಾಡುವ ಕೆಲಸ. ಥರ್ಮೋಸ್ಟಾಟ್ ನೋಡುವುದು ಮೊದಲನೆಯದನ್ನು ಮಾತ್ರ. ರೊಟ್ಟಿ ಒಲೆಯ ಮುಂದೆ ಕೂತವರ ಮುಖ ಸುಡುವುದು ಅಡುಗೆಮನೆಯ ಗಾಳಿಯಿಂದಲ್ಲ, ಒಲೆಯ ಉರಿಯಿಂದ. ಆರ್‌ಸಿಸಿ ಸ್ಲ್ಯಾಬ್ ಮಧ್ಯಾಹ್ನವೆಲ್ಲ ಮಾಡುವುದು ಅದನ್ನೇ.

ಲೆಕ್ಕ ಹಾಕಿಯೇ ನೋಡಿ. ಕೋಣೆ 4 ಮೀಟರ್ ಉದ್ದ, 4 ಅಗಲ, 3 ಎತ್ತರ. ಸೂರು 16 ಚದರ ಮೀಟರ್, ನೆಲ 16, ಗೋಡೆಗಳು 48. ಏಪ್ರಿಲ್ ಸಂಜೆ ಸ್ಲ್ಯಾಬಿನ ಒಳಮೈ 40 ಡಿಗ್ರಿ, ಗೋಡೆ 28, ನೆಲ 26 ಎಂದುಕೊಳ್ಳಿ. ವಿಸ್ತೀರ್ಣದ ಪ್ರಕಾರ ಸರಾಸರಿ ತೆಗೆದರೆ ಸರಿಯಾಗಿ 30. ಗಾಳಿ ಹೆಚ್ಚು ಅಲುಗದ ಕಡೆ ಮೈಗೆ ತಟ್ಟುವುದು ಇವೆರಡರ ನಡುವಿನ ಅಂಕಿ: (24 + 30) ÷ 2, ಅಂದರೆ 27. ರಿಮೋಟಿನ ಮೇಲೆ 24, ಮೈಗೆ 27.

ಈ 27 ಎಂದರೆ ಎಷ್ಟು ಸೆಕೆ? ಗಾಳಿಯೂ ಗೋಡೆಯೂ 27, ತೇವಾಂಶ 60%, ಗಾಳಿಯ ವೇಗ ಸೆಕೆಂಡಿಗೆ 0.1 ಮೀಟರ್, 1.2 ಮೆಟ್ (ಕೂತು ಮಾಡುವ ಕೆಲಸದ ಅಳತೆ), 0.5 ಕ್ಲೋ (ತೆಳು ಬಟ್ಟೆಯ ಅಳತೆ) ಕೊಟ್ಟರೆ ಪಿಎಂವಿ +0.77 ಬರಬೇಕು, ನೂರರಲ್ಲಿ 17 ಮಂದಿಗೆ ಅಸಮಾಧಾನ. ಇದು ಉಷ್ಣ ಹಿತದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7730ರ ಪರೀಕ್ಷಾ ಕೋಷ್ಟಕದ ಅಂಕಿ. ಪಿಎಂವಿ ಲೆಕ್ಕದ ನಿಮ್ಮ ಸ್ಪ್ರೆಡ್‌ಶೀಟಿಗೆ ಇದೇ ಉತ್ತರ ಬರದಿದ್ದರೆ ಮೊದಲು ಸೂತ್ರ ತಿದ್ದಿ, ಆಮೇಲೆ ಕಟ್ಟಡಕ್ಕೆ ಬನ್ನಿ.

ಇಷ್ಟಾದ ಮೇಲೂ ಕೆಲವರು ಸೆಟ್‌ಪಾಯಿಂಟನ್ನು 21ಕ್ಕೆ ಇಳಿಸಿ “ಈಗ ಸರಿಹೋಯ್ತು” ಎನ್ನುತ್ತಾರೆ. ಹೌದು, ಮೈಗೆ 25.5 ಸಿಗುತ್ತದೆ. ಬಿಸಿ ಇರುವುದು ಸ್ಲ್ಯಾಬಿನಲ್ಲಿ, ದಂಡ ಕಟ್ಟುವುದು ಕರೆಂಟ್ ಬಿಲ್ಲಿನಲ್ಲಿ.

ಎನರ್ಜಿಪ್ಲಸ್‌ನಲ್ಲಿ ಎಡವುವ ಜಾಗಗಳು ಎರಡು. ಕೋಣೆಯ ಜನರ ವಿವರ ತುಂಬುವ ‘ಪೀಪಲ್’ ಆಬ್ಜೆಕ್ಟಿನ ಚಟುವಟಿಕೆ ಶೆಡ್ಯೂಲಿಗೆ (ಹೊತ್ತುಹೊತ್ತಿನ ಅಂಕಿಗಳ ಪಟ್ಟಿಗೆ) ಬೇಕಾದದ್ದು ತಲಾ ವ್ಯಾಟ್, ಮೆಟ್ ಅಲ್ಲ. 1.2 ಮೆಟ್ ಎಂದರೆ 1.2 × 58.2 × 1.8 (ಒಂದು ಮೆಟ್ ಎಂದರೆ ಚದರ ಮೀಟರಿಗೆ 58.2 ವ್ಯಾಟ್, ದೇಹದ ಮೇಲ್ಮೈ 1.8 ಚದರ ಮೀಟರ್), ಸುಮಾರು 126 ವ್ಯಾಟ್. ಅಲ್ಲಿ ಬರೀ 1.2 ಬರೆದರೆ ಕುರ್ಚಿಯಲ್ಲಿ ಹೆಣ ಕೂಡಿಸಿದಂತೆ. ಪಿಎಂವಿ ಅರ್ಥವಿಲ್ಲದ ಅಂಕಿ ಉಗುಳುತ್ತದೆ. ಎರಡನೆಯದು, ವಿಕಿರಣ ಉಷ್ಣತೆಯನ್ನು ಇಡೀ ಕೋಣೆಯ ಸರಾಸರಿಗೆ ಬಿಟ್ಟುಬಿಡುವುದು. ಒಂದು ಮೇಲ್ಮೈಗೆ ಹತ್ತಿರ ಕೂತವರಿಗೆ ‘ಸರ್ಫೇಸ್ ವೆಯ್ಟೆಡ್’ ಆಯ್ಕೆಯಿದೆ. ಅದು ಆ ಮೇಲ್ಮೈಗೆ ಅರ್ಧ ತೂಕ ಕೊಡುತ್ತದೆ. ನಮ್ಮ ಕೋಣೆಯಲ್ಲಿ ಸೂರನ್ನು ಆರಿಸಿದರೆ 30 ಹೋಗಿ 33.75. ತಗ್ಗು ಸೂರಿನ ಅಟ್ಟಕ್ಕೆ ಇದು ಸರಿ, ಸಾಮಾನ್ಯ ಆಫೀಸಿಗೆ ಅತಿಯಾಯಿತು.

ಎಸಿ ಇಲ್ಲದ ಆಫೀಸಿಗೆ ಪಿಎಂವಿ ಹಿಡಿದು ಕೂಡಬೇಡಿ. ಹಿತದ ಉಷ್ಣತೆ ಲೆಕ್ಕ ಹಾಕಲು ಭಾರತದ ಐಮ್ಯಾಕ್ ಸೂತ್ರವಿದೆ: 0.54 × ಹಿಂದಿನ 30 ದಿನಗಳ ಹೊರಗಿನ ಸರಾಸರಿ + 12.83. ಹೊರಗೆ 28 ಇದ್ದರೆ ಹಿತದ ಉಷ್ಣತೆ 27.95, ಆಚೀಚೆ 2.38.

ಫ್ಯಾನಿನ ಮಾತು ಯಾರೂ ಎತ್ತುವುದಿಲ್ಲ, ಆದ್ದರಿಂದ ನಾವೇ ಎತ್ತಬೇಕು. ಐಎಸ್‌ಒ 7730ರ ಅದೇ ಕೋಷ್ಟಕದಲ್ಲಿ ಗಾಳಿಯ ವೇಗವೊಂದನ್ನೇ 0.1ರಿಂದ 0.3ಕ್ಕೆ ಏರಿಸಿದರೆ +0.77 ಇಳಿದು +0.44 ಆಗುತ್ತದೆ, ಅಸಮಾಧಾನ ಶೇಕಡಾ 9. ಎಸಿ ಮುಟ್ಟಲೇ ಇಲ್ಲ! ಆದರೆ ಮಾಡೆಲ್‌ನಲ್ಲಿ ಫ್ಯಾನನ್ನು ವಿದ್ಯುತ್ ಲೋಡ್ ಎಂದಷ್ಟೇ ಸೇರಿಸಿದರೆ ಅದು ಕೋಣೆಗೆ ಬಿಸಿ ಸೇರಿಸುತ್ತದೆ, ಗಾಳಿ ಬೀಸುವುದಿಲ್ಲ. ವೇಗದ ಶೆಡ್ಯೂಲನ್ನು ಕೈಯಾರೆ ಬರೆಯಬೇಕು.

ಸ್ಲ್ಯಾಬಿಗೆ ಬಿಳಿ ಬಣ್ಣ ಬಳಿಯುವವರು ಹೊರಮೈಯ ಬಿಸಿಲು ಹೀರಿಕೆಯನ್ನೂ ಬದಲಿಸಬೇಕು, ಎನರ್ಜಿಪ್ಲಸ್‌ನಲ್ಲಿ ತಾನಾಗಿ ಇರುವುದು 0.7, ಅಂದರೆ ಬಿದ್ದ ಬಿಸಿಲಿನ ಶೇಕಡಾ 70. ಹೊಸ ಬಣ್ಣದ ಡಬ್ಬಿಯ ಅಂಕಿಯನ್ನೇ ಹಾಕಬೇಡಿ. ಹುಬ್ಬಳ್ಳಿಯ ಧೂಳು ಒಂದು ಬೇಸಿಗೆ ಕೂತ ಮೇಲಿನ ಬಣ್ಣಕ್ಕೆ ಲೆಕ್ಕ ಹಾಕಿ.