ತಾನಾಗಿ ಆಫ್ ಆಗುವ ಲಿನಕ್ಸ್ ಸರ್ವರ್: ಮುಚ್ಚಿಕೊಂಡಿತೋ, ಸತ್ತಿತೋ?

ತಲೆಯಲ್ಲಿ ಗಟ್ಟಿಯಾಗಿ ಕೂರಲಿ ಅಂತ ಬರೆದಿಡುತ್ತಿದ್ದೇನೆ. ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಶುರು ಮಾಡಿ ನಿಲ್ಲಿಸುವ ಪ್ರೋಗ್ರಾಮ್) ಇರುವ ಲಿನಕ್ಸ್ ಸರ್ವರ್‌ಗೆ ಇದು ಅನ್ವಯಿಸುತ್ತದೆ. ಎಸ್‌ಎಸ್‌ಎಚ್, ಸುಡೋ ಎಲ್ಲ ಗೊತ್ತಿದೆ ಅಂದುಕೊಂಡಿದ್ದೇನೆ.

ಸರ್ವರ್ ಪದೇ ಪದೇ ಆಫ್ ಆದಾಗ ಮೊದಲು ತೀರ್ಮಾನ ಆಗಬೇಕಾದ್ದು ಒಂದೇ. ಅದು ಕ್ರಮವಾಗಿ ಮುಚ್ಚಿಕೊಂಡಿತೋ, ಇದ್ದಕ್ಕಿದ್ದಂತೆ ಸತ್ತಿತೋ? ಕ್ರಮವಾಗಿ ಮುಚ್ಚಿಕೊಂಡಿದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ಮನುಷ್ಯ ಹಾಗೆ ಹೇಳಿರುತ್ತಾರೆ, ಹೇಳಿದವರ ಗುರುತು ಲಾಗ್‌ನಲ್ಲಿ ಸಿಗುತ್ತದೆ. ಸತ್ತಿದ್ದರೆ ಕರೆಂಟು, ಹಾರ್ಡ್‌ವೇರ್, ಕರ್ನಲ್ (ಲಿನಕ್ಸ್‌ನ ತಿರುಳು), ಇವುಗಳ ಕಡೆ ನೋಡಬೇಕು. ಇದು ಗೊತ್ತಾಗುವ ಮುಂಚೆ ರಾತ್ರಿಯೆಲ್ಲ ರ್‍ಯಾಮ್ ಟೆಸ್ಟ್ ಓಡಿಸುವುದು ಸುಮ್ನೆ ಟೈಮ್ ವೇಸ್ಟ್.

ಲಾಸ್ಟ್ ಕಮಾಂಡ್ ಓದುವುದು ಹೇಗೆ

'ಲಾಸ್ಟ್ -ಎಕ್ಸ್' ಕೊಟ್ಟರೆ ಬೂಟ್ ಮತ್ತು ಶಟ್‌ಡೌನ್ ದಾಖಲೆಗಳು ಬರುತ್ತವೆ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬೇಡದ ಸಾಲು ತೆಗೆದರೆ ಹೀಗೆ ಕಾಣುತ್ತದೆ:

ರೀಬೂಟ್ – ಗುರುವಾರ 09:05
ರೀಬೂಟ್ – ಬುಧವಾರ 09:11
ಶಟ್‌ಡೌನ್ – ಬುಧವಾರ 02:40
ರೀಬೂಟ್ – ಸೋಮವಾರ 18:20

ಮೇಲಿನ ಸಾಲು ನೋಡಿದ ಕೂಡಲೇ "ಗುರುವಾರ ಬೆಳಿಗ್ಗೆ ಯಾರೋ ರೀಬೂಟ್ ಮಾಡಿದ್ದಾರೆ" ಅನಿಸುತ್ತದೆ, ಅಲ್ವಾ? ಆದರೆ ಈ ರೀಬೂಟ್ ಸಾಲು ಬೀಳುವುದು ಮೆಷಿನ್ ಆನ್ ಆಗುವಾಗ. ಯಾರೂ ರೀಬೂಟ್ ಕೊಡದೇ ಇದ್ದರೂ, ಪ್ಲಗ್ ಕಿತ್ತು ಹಾಕಿದ್ದರೂ ಇದೇ ಸಾಲು ಬರುತ್ತದೆ. ಹಿಂದಿನ ಸಲ ಹೇಗೆ ಆಫ್ ಆಯಿತು ಅಂತ ಅದು ಹೇಳುವುದೇ ಇಲ್ಲ. ಅದನ್ನು ಹೇಳುವುದು ಅದರ ಕೆಳಗೆ ಶಟ್‌ಡೌನ್ ಸಾಲು ಇದೆಯೋ ಇಲ್ಲವೋ ಅನ್ನುವುದು.

ಹೊಸದು ಮೇಲೆ ಇರುವುದರಿಂದ ಕೆಳಗಿನಿಂದ ಓದಿ. ಸೋಮವಾರ ಆನ್ ಆಯಿತು. ಬುಧವಾರ ರಾತ್ರಿ 2:40ಕ್ಕೆ ಕ್ರಮವಾಗಿ ಮುಚ್ಚಿಕೊಂಡಿತು. ಬೆಳಿಗ್ಗೆ 9:11ಕ್ಕೆ ಮತ್ತೆ ಆನ್. ಆಮೇಲೆ ನೇರ ಗುರುವಾರದ ಆನ್. ನಡುವೆ ಶಟ್‌ಡೌನ್ ಇಲ್ಲ. ಅಂದರೆ ಬುಧವಾರ 9:11 ಮತ್ತು ಗುರುವಾರ 9:05ರ ನಡುವೆ ಎಲ್ಲೋ ಸತ್ತಿದೆ. ಎರಡು ರೀಬೂಟ್ ಅಕ್ಕಪಕ್ಕ ಕಂಡರೆ ನಡುವೆ ಒಂದು ಸಾವು ಇದೆ. ಆ ಹೊತ್ತಿನಲ್ಲಿ ಲಾಗಿನ್ ಆಗಿದ್ದವರ ಸಾಲಿನಲ್ಲಿ 'ಕ್ರ್ಯಾಶ್' ಅಂತಲೂ ಬರೆದಿರುತ್ತದೆ. ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನವರು ಈ ಜಾಗದಲ್ಲಿ 'ಬೂಟ್ ಟೈಮ್' ಅಂತ ತೋರಿಸಿ ಗೊಂದಲವನ್ನೇ ತಪ್ಪಿಸಿದ್ದಾರೆ. ಜಾಣರು.

ಈ ಉದಾಹರಣೆಯಲ್ಲಿ ಎರಡು ಬೇರೆ ಬೇರೆ ಘಟನೆಗಳಿವೆ ಅನ್ನುವುದನ್ನೂ ಗಮನಿಸಿ. ಒಂದೇ ಕಾರಣ ಹುಡುಕಿದರೆ ಯಾವತ್ತೂ ಸಿಗುವುದಿಲ್ಲ.

ಸತ್ತಿದ್ದರೆ

'ಜರ್ನಲ್‌ಸಿಟಿಎಲ್ -ಬಿ -1 -ಇ' ಕೊಟ್ಟರೆ ಜರ್ನಲ್‌ನಿಂದ (ಸಿಸ್ಟಮ್‌ಡಿಯ ಲಾಗ್) ಹಿಂದಿನ ಬೂಟ್‌ನ ಕೊನೆಯ ಸಾಲುಗಳು ಬರುತ್ತವೆ. ಏನೂ ಬರಲಿಲ್ಲವೇ? ಬಹುಶಃ /ವಾರ್/ಲಾಗ್/ಜರ್ನಲ್ ಫೋಲ್ಡರ್ ಇಲ್ಲ. ರೆಡ್ ಹ್ಯಾಟ್ 7, 8, 9ರಲ್ಲಿ ಡಿಫಾಲ್ಟ್ ಆಗಿ ಅದು ಇರುವುದಿಲ್ಲ. ಜರ್ನಲ್ ಮೆಮೊರಿಯಲ್ಲೇ ಇದ್ದು ಕರೆಂಟಿನ ಜೊತೆ ಹೋಗುತ್ತದೆ. ಫೋಲ್ಡರ್ ಮಾಡಿ, ಜರ್ನಲ್ ಬರೆಯುವ ಜರ್ನಲ್‌ಡಿ ರೀಸ್ಟಾರ್ಟ್ ಮಾಡಿ, ಮುಂದಿನ ಸಲಕ್ಕೆ ಕಾಯಿರಿ.

ಬಂದರೂ ಕೊನೆಯ ಸಾಲನ್ನೇ ಅಪರಾಧಿ ಮಾಡಬೇಡಿ. ಜರ್ನಲ್‌ಡಿ ಸಾಮಾನ್ಯ ಸಾಲುಗಳನ್ನು ಡಿಸ್ಕ್‌ಗೆ ಗಟ್ಟಿಯಾಗಿ ಬರೆಯುವುದು 5 ನಿಮಿಷಕ್ಕೊಮ್ಮೆ. ಕ್ರಿಟಿಕಲ್, ಅಲರ್ಟ್, ಎಮರ್ಜೆನ್ಸಿ ಮಟ್ಟದ ಸಾಲು ಬಂದರೆ ಮಾತ್ರ ಕೂಡಲೇ. ಹಾಗಾಗಿ ಸಾಯುವ ಮುಂಚಿನ ಕೆಲವು ನಿಮಿಷ ಖಾಲಿ ಇರಬಹುದು. ಕೊನೆಗೆ ಕಂಡ ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಪಾಪ, ಅದರ ಪಾಡಿಗೆ ಓಡಿರುತ್ತದೆ.

ನಿಜವಾದ ಸಾಕ್ಷಿ ಇರುವುದು ಸರ್ವರ್‌ನ ಬಿಎಂಸಿ ಚಿಪ್‌ನಲ್ಲಿ, ಅಂದರೆ ಹಾರ್ಡ್‌ವೇರ್ ಮೇಲೆ ಕಣ್ಣಿಟ್ಟು ತನ್ನದೇ ಲಾಗ್ ಬರೆಯುವ ಬೇರೆ ಚಿಪ್‌ನಲ್ಲಿ. 'ಐಪಿಎಂಐಟೂಲ್ ಎಸ್‌ಇಎಲ್ ಲಿಸ್ಟ್' ಕೊಟ್ಟು ನೋಡಿ. ಪವರ್ ಸಪ್ಲೈ ಹೋದದ್ದು, ಪ್ರೊಸೆಸರ್ ಅತಿ ಬಿಸಿಯಾಗಿ ತಾನೇ ಕರೆಂಟ್ ಕಡಿದದ್ದು ಅಲ್ಲಿ ಸಿಗಬಹುದು. ಇಂಥವು ಲಿನಕ್ಸ್‌ಗೆ ಗೊತ್ತೇ ಆಗುವುದಿಲ್ಲ.

ಕರ್ನಲ್ ಪ್ಯಾನಿಕ್ (ಕರ್ನಲ್ ಮುಂದುವರಿಯಲಾರದೆ ಕೈಚೆಲ್ಲುವುದು) ಮೇಲೆ ಬೇಗ ಅನುಮಾನ ಬೇಡ. 'ಕರ್ನಲ್.ಪ್ಯಾನಿಕ್' ಸೆಟ್ಟಿಂಗ್‌ನ ಬೆಲೆ 0 ಇದ್ದರೆ ಮೆಷಿನ್ ಅಲ್ಲೇ ಹೆಪ್ಪುಗಟ್ಟುತ್ತದೆ, ಕೆಡಂಪ್ (ಪ್ಯಾನಿಕ್ ಆದಾಗ ಮೆಮೊರಿಯನ್ನು ಉಳಿಸಿಡುವ ವ್ಯವಸ್ಥೆ) ಇದ್ದರೆ ರೀಬೂಟ್ ಆಗುತ್ತದೆ. ಪೂರ್ತಿ ಆಫ್ ಆಗಿ ಕೂರುವುದು ಅದರ ಲಕ್ಷಣವಲ್ಲ.

ವರ್ಚುವಲ್ ಮೆಷಿನ್ ಆಗಿದ್ದರೆ ಹೋಸ್ಟ್‌ನ (ಅದನ್ನು ಓಡಿಸುತ್ತಿರುವ ನಿಜವಾದ ಮೆಷಿನ್) ಡಿಮೆಸೇಜ್, ಅಂದರೆ ಕರ್ನಲ್ ಸಂದೇಶಗಳನ್ನು ನೋಡಿ. ಹೋಸ್ಟ್‌ನಲ್ಲಿ ಮೆಮೊರಿ ಸಾಲದೆ ಕರ್ನಲ್‌ನ ಓಓಎಂ ಕಿಲ್ಲರ್ ವರ್ಚುವಲ್ ಮೆಷಿನ್ ಓಡಿಸುವ ಕ್ಯೂಎಮು ಪ್ರೋಸೆಸ್ಸನ್ನು ಕೊಂದಿದ್ದರೆ ಒಳಗಿನವರಿಗೆ ಅದು ಕರೆಂಟು ಹೋದ ಹಾಗೇ ಕಾಣುತ್ತದೆ.

ಮುಚ್ಚಿಕೊಂಡಿದ್ದರೆ

ಇಲ್ಲಿ ಕೆಲಸ ಸುಲಭ. ಜರ್ನಲ್‌ನಲ್ಲಿ ಲಾಗಿಂಡ್‌ನಿಂದ (ಲಾಗಿನ್, ಪವರ್ ಗುಂಡಿ ನೋಡಿಕೊಳ್ಳುವ ಸರ್ವಿಸ್) 'ಪವರ್ ಕೀ ಪ್ರೆಸ್ಡ್' ಅಂತ ಇದ್ದರೆ ಯಾರೋ ಗುಂಡಿ ಒತ್ತಿದ್ದಾರೆ. ವರ್ಚುವಲ್ ಮೆಷಿನ್‌ನಲ್ಲಿ ಗುಂಡಿ ಎಲ್ಲಿಂದ ಬಂತು? ಹೋಸ್ಟ್ ಕಡೆಯಿಂದ ಶಟ್‌ಡೌನ್ ಕೊಟ್ಟರೆ ಒಳಗೆ ಸಾಮಾನ್ಯವಾಗಿ ಪವರ್ ಗುಂಡಿ ಒತ್ತಿದ ಹಾಗೇ ಬರುತ್ತದೆ. 'ಕ್ರಿಟಿಕಲ್ ಟೆಂಪರೇಚರ್ ರೀಚ್ಡ್' ಇದ್ದರೆ ಫ್ಯಾನ್, ಧೂಳು, ಎಸಿ ನೋಡಿ. ಯುಪಿಎಸ್‌ ಮೇಲೆ ಕಣ್ಣಿಡಲು ಎಪಿಸಿಯುಪಿಎಸ್‌ಡಿ ಪ್ರೋಗ್ರಾಮ್ ಹಾಕಿದ್ದರೆ ಅದರ ಡಿಫಾಲ್ಟ್ ನೆನಪಿರಲಿ: ಬ್ಯಾಟರಿ 5 ಪರ್ಸೆಂಟ್‌ಗೆ ಇಳಿದರೆ, ಅಥವಾ ಇನ್ನು 3 ನಿಮಿಷ ಮಾತ್ರ ಬರುತ್ತದೆ ಅಂತ ಯುಪಿಎಸ್ ಹೇಳಿದರೆ ಶಟ್‌ಡೌನ್. ಬ್ಯಾಟರಿ ಹಳತಾದರೆ ಕರೆಂಟು ಹೋದ ಸ್ವಲ್ಪ ಹೊತ್ತಿಗೇ ಆ 3 ನಿಮಿಷದ ಗೆರೆ ಬಂದುಬಿಡುತ್ತದೆ.

ನನಗೆ ತುಂಬ ಇಷ್ಟವಾದ ಕಾರಣ ಮಾತ್ರ ಆಡಿಟ್‌ಡಿ, ಅಂದರೆ ಮೆಷಿನ್‌ನಲ್ಲಿ ಯಾರು ಏನು ಮಾಡಿದರು ಅಂತ ಬರೆದಿಡುವ ಸರ್ವಿಸ್. ಸೆಕ್ಯುರಿಟಿ ಬಿಗಿ ಮಾಡುವ ಪಟ್ಟಿ ಹಿಡಿದು ಕೂತವರು ಆಡಿಟ್‌ಡಿ.ಕಾನ್ಫ್ ಫೈಲಿನಲ್ಲಿ ಎರಡು ಸಾಲು ಬದಲಿಸುತ್ತಾರೆ. 'ಮ್ಯಾಕ್ಸ್_ಲಾಗ್_ಫೈಲ್_ಆ್ಯಕ್ಷನ್' ಅನ್ನು ಕೀಪ್_ಲಾಗ್ಸ್ ಮಾಡುತ್ತಾರೆ, ಹಳೆಯ ಲಾಗ್ ಅಳಿಸುವುದೇ ಇಲ್ಲ. 'ಅಡ್ಮಿನ್_ಸ್ಪೇಸ್_ಲೆಫ್ಟ್_ಆ್ಯಕ್ಷನ್' ಅನ್ನು ಹಾಲ್ಟ್ ಮಾಡುತ್ತಾರೆ, ಜಾಗ ತೀರಾ ಕಮ್ಮಿಯಾದರೆ ಮೆಷಿನ್ನೇ ಬಂದ್. ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿರುತ್ತದೆ. ಲಾಗ್ ತುಂಬಿದ ದಿನ ಸರ್ವರ್ ಆಫ್. ಆನ್ ಮಾಡಿದರೆ ಆಡಿಟ್‌ಡಿ ಎದ್ದು ಜಾಗ ನೋಡಿ ಮತ್ತೆ ಆಫ್ ಮಾಡುತ್ತದೆ. ಹಾರ್ಡ್‌ವೇರ್ ಹೋಯಿತು ಅಂತ ಯಾರಿಗಾದರೂ ಅನಿಸಬೇಕು. ಆದರೆ ಲಾಸ್ಟ್‌ನಲ್ಲಿ ಪ್ರತಿ ಸಲವೂ ನೀಟಾಗಿ ಶಟ್‌ಡೌನ್ ಸಾಲು ಇರುತ್ತದೆ!

ಹೊರಬರುವ ದಾರಿ: ಮೆಷಿನ್ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, ಕರ್ನಲ್ ಸಾಲಿನ ಕೊನೆಗೆ 'ಆಡಿಟ್=0' ಸೇರಿಸಿ ಬೂಟ್ ಮಾಡಿ. ಆ ಒಂದು ಬೂಟ್‌ಗೆ ಆಡಿಟ್‌ಡಿ ಏಳುವುದಿಲ್ಲ. /ವಾರ್/ಲಾಗ್/ಆಡಿಟ್‌ನ ಹಳೆಯ ಫೈಲುಗಳನ್ನು ಬೇರೆ ಕಡೆ ಸಾಗಿಸಿ. ಅಳಿಸಬೇಡಿ, ಆ ಹಾಲ್ಟ್ ಹಾಕಿದ ಮನುಷ್ಯ ನಾಳೆ ಅದನ್ನೇ ಕೇಳುತ್ತಾನೆ. ಆಮೇಲೆ ಮಾಮೂಲಿ ಬೂಟ್. ಮುಂದೆ ಕಾನ್ಫ್ ಬದಲಿಸಿದಾಗ ರೆಡ್ ಹ್ಯಾಟ್‌ನಲ್ಲಿ 'ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಆಡಿಟ್‌ಡಿ' ಒಪ್ಪುವುದಿಲ್ಲ, ಹಳೆಯ 'ಸರ್ವಿಸ್ ಆಡಿಟ್‌ಡಿ ರೀಸ್ಟಾರ್ಟ್' ಕೊಡಬೇಕು.