ಸೋತ ಮೇಲೂ ನಗಿಸಿದವರು

ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ ನಾರ್ಟನ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಬ್ಯಾಂಕೊಂದರ ಅರ್ಧ ಮಹಡಿಯಲ್ಲಿ ಸಾಲಾಗಿ ಫೋಟೋಗಳನ್ನು ತೂಗುಹಾಕಿದ್ದಾರೆ. ಎಲ್ಲರೂ ಅಧ್ಯಕ್ಷ ಚುನಾವಣೆಗೆ ನಿಂತವರು, ಎಲ್ಲರೂ ಸೋತವರು. 1965ರಲ್ಲಿ ಆ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು ಇದನ್ನು ಶುರು ಮಾಡಿದರು. ಅದಕ್ಕೊಂದು ಸ್ಥಳೀಯ ನೆಪವೂ ಇತ್ತು. 1872ರಲ್ಲಿ ಸೋತ ಹೊರೇಸ್ ಗ್ರೀಲಿ, ಅದಕ್ಕೂ 13 ವರ್ಷ ಮೊದಲು ಕುದುರೆ ಗಾಡಿಯಲ್ಲಿ ಪಶ್ಚಿಮಕ್ಕೆ ಹೊರಟಾಗ ಆ ಕಡೆ ಇಳಿದು ಹೋಗಿದ್ದರು.

ಈ ಗ್ಯಾಲರಿಯ ಯೋಚನೆಯೇ ನನಗೆ ತುಂಬಾ ಇಷ್ಟ. ಗೆದ್ದವರ ಮುಖ ನೋಟಿನ ಮೇಲೆ, ಬೆಟ್ಟದ ಬಂಡೆಯ ಮೇಲೆ ಎಲ್ಲ ಕಡೆ ಸಿಗುತ್ತದೆ. ಸೋತವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೆ ಅವರು ಬಿಟ್ಟುಹೋದ ಒಂದು ಆಸ್ತಿ ಇದೆ. ತಮ್ಮ ಸೋಲಿನ ಬಗ್ಗೆ ತಾವೇ ಹೇಳಿದ ಜೋಕುಗಳು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ನಮಗೆಲ್ಲ ಗೊತ್ತು. ಇವರು ಅದಕ್ಕೆ ಉಲ್ಟಾ. ಬಿದ್ದು, ಎದ್ದು, ನೋಡಿ ನನ್ನ ಮೀಸೆಗೆ ಎಷ್ಟು ಮಣ್ಣಾಗಿದೆ ಅಂತ ತಾವೇ ತೋರಿಸಿದವರು.

ಶುರುವಿನಲ್ಲಿ ಹೀಗಿರಲಿಲ್ಲ. 1800ರ ಚುನಾವಣೆಯಲ್ಲಿ ಸೋತ ಜಾನ್ ಆಡಮ್ಸ್, ಮುಂದಿನ ವರ್ಷ ಥಾಮಸ್ ಜೆಫರ್ಸನ್ ಪ್ರಮಾಣ ವಚನ ತೆಗೆದುಕೊಳ್ಳುವ ದಿನ ಬೆಳಗಿನ ಜಾವ 4 ಗಂಟೆಗೇ ಗಾಡಿ ಹತ್ತಿ ಊರು ಬಿಟ್ಟರು. ಸೋತವರು ಗೆದ್ದವರನ್ನು ಅಭಿನಂದಿಸಬೇಕು ಅಂತ ಆಗಲೂ ಕಾನೂನು ಇರಲಿಲ್ಲ, ಈಗಲೂ ಇಲ್ಲ. ಆ ರೂಢಿ ಬಂದಿದ್ದು 1896ರಲ್ಲಿ. ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಎಂಬ 36 ವರ್ಷದ ಮಾತುಗಾರ ಸೋತು ಎರಡು ದಿನಕ್ಕೆ ಗೆದ್ದ ಮೆಕಿನ್ಲಿ ಅವರಿಗೆ ಒಂದು ತಂತಿ ಕಳಿಸಿದರು. ವಿಷಯವನ್ನು ಜನರ ಮುಂದೆ ಇಟ್ಟಿದ್ದೆವು, ಅವರ ಇಚ್ಛೆಯೇ ಕಾನೂನು ಅಂತ ಅದರಲ್ಲಿತ್ತು. ಆಮೇಲೆ ಬ್ರಯನ್ 1900ರಲ್ಲೂ ಸೋತರು, 1908ರಲ್ಲೂ ಸೋತರು. ಮೂರನೇ ಸಲ ಸೋತ ಮೇಲೆ ಅವರು ಒಬ್ಬ ಕುಡುಕನ ಕಥೆ ಹೇಳುತ್ತಿದ್ದರಂತೆ. ಒಳಗೆ ನುಗ್ಗಿದಾಗಲೆಲ್ಲ ಅವನನ್ನು ಎತ್ತಿ ಹೊರಗೆ ಹಾಕುತ್ತಾರೆ. ಮೂರನೇ ಸಲ ರಸ್ತೆಗೆ ಬಿದ್ದವನು ಮೈಕೊಡವಿಕೊಂಡು ಹೇಳುತ್ತಾನೆ: "ಈಗ ಅರ್ಥ ಆಯ್ತು. ಇವರಿಗೆ ನಾನು ಒಳಗೆ ಬರೋದು ಇಷ್ಟ ಇಲ್ಲ."

ಅಮೆರಿಕದ ಚುನಾವಣೆಯ ಲೆಕ್ಕ ಸ್ವಲ್ಪ ವಿಚಿತ್ರ. ಅದು ಗೊತ್ತಿಲ್ಲದಿದ್ದರೆ ಕೆಲವು ಜೋಕು ಅರ್ಥವಾಗುವುದಿಲ್ಲ. ಅಲ್ಲಿ ಜನರ ಓಟು ನೇರವಾಗಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೂ ಇಷ್ಟು ಎಲೆಕ್ಟರ್‌ಗಳು ಅಂತ ಇರುತ್ತಾರೆ, ಈಗ ಒಟ್ಟು 538. ಹೆಚ್ಚಿನ ರಾಜ್ಯಗಳಲ್ಲಿ ಒಂದೇ ಓಟು ಜಾಸ್ತಿ ಬಂದರೂ ಅಲ್ಲಿನ ಅಷ್ಟೂ ಎಲೆಕ್ಟರ್‌ಗಳು ಗೆದ್ದವರ ಪಾಲು. ಹಾಗಾಗಿ ದೇಶದಲ್ಲಿ ಜಾಸ್ತಿ ಓಟು ಪಡೆದವರೇ ಮನೆಗೆ ಹೋಗುವುದೂ ಉಂಟು. 1876ರಲ್ಲಿ ಸ್ಯಾಮ್ಯುಯೆಲ್ ಟಿಲ್ಡನ್‌ಗೆ ಎದುರಾಳಿಗಿಂತ ಸುಮಾರು ಎರಡೂವರೆ ಲಕ್ಷ ಓಟು ಹೆಚ್ಚು ಬಿತ್ತು. ಕೊನೆಗೆ ಎಲೆಕ್ಟರ್ ಲೆಕ್ಕದಲ್ಲಿ 185ಕ್ಕೆ 184, ಒಂದರಲ್ಲಿ ಸೋತರು. ಇದಕ್ಕಿಂತ ಹೊಟ್ಟೆ ಉರಿಸುವ ಸೋಲು ಬೇರೆ ಇದೆಯಾ? ಟಿಲ್ಡನ್ ಹೇಳಿದ್ದು ಇಷ್ಟು: ದೇಶದ ಅತಿ ದೊಡ್ಡ ಹುದ್ದೆಗೆ ಆರಿಸಿ ಬಂದ ಕೀರ್ತಿ ನನಗೆ ಸಿಕ್ಕಿತು, ಆ ಹುದ್ದೆಯ ಚಿಂತೆ, ಜವಾಬ್ದಾರಿ ಯಾವುದೂ ತಲೆಗೆ ಬರಲಿಲ್ಲ.

ಗ್ರೀಲಿ ಅವರದು ನೋವಿನ ಕಥೆ. ಪತ್ರಿಕಾ ಸಂಪಾದಕರಾಗಿದ್ದ ಅವರ ಮೇಲೆ ಪ್ರಚಾರದಲ್ಲಿ ಎಷ್ಟು ಕೆಸರು ಬಿತ್ತೆಂದರೆ, ತಾನು ಅಧ್ಯಕ್ಷ ಪದವಿಗೆ ನಿಂತಿದ್ದೇನೋ ಜೈಲಿಗೆ ನಿಂತಿದ್ದೇನೋ ಗೊತ್ತಾಗಲಿಲ್ಲ ಅಂದರು. ಮತದಾನಕ್ಕೆ ಕೆಲವೇ ದಿನ ಮೊದಲು ಹೆಂಡತಿ ತೀರಿಕೊಂಡರು. ಎಲೆಕ್ಟರ್‌ಗಳು ಸೇರಿ ಓಟು ಹಾಕುವ ಮೊದಲೇ, ನವೆಂಬರ್ 29ಕ್ಕೆ, ಅವರೂ ಹೋದರು.

ನಾನು ಮತ್ತೆ ಮತ್ತೆ ನೆನಪಿಸಿಕೊಂಡು ನಗುವುದು ಆಲ್ಫ್ ಲ್ಯಾಂಡನ್ ಅವರನ್ನು. ಇವರು ಕಾನ್ಸಸ್‌ನ ಗವರ್ನರ್. 1936ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎದುರು ನಿಂತಿದ್ದರು. 'ಲಿಟರರಿ ಡೈಜೆಸ್ಟ್' ಎಂಬ ಹೆಸರಾಂತ ಪತ್ರಿಕೆ ಸುಮಾರು 1 ಕೋಟಿ ಜನಕ್ಕೆ ಕಾಗದ ಕಳಿಸಿ, ವಾಪಸ್ ಬಂದ 20 ಲಕ್ಷಕ್ಕೂ ಹೆಚ್ಚು ಉತ್ತರ ಎಣಿಸಿ, ಲ್ಯಾಂಡನ್ ಆರಾಮಾಗಿ ಗೆಲ್ಲುತ್ತಾರೆ ಅಂತ ಬರೆಯಿತು. ಎಡವಟ್ಟಾಗಿದ್ದು ವಿಳಾಸದ ಪಟ್ಟಿಯಲ್ಲಿ. ಅದರಲ್ಲಿ ಫೋನು, ಕಾರು ಇದ್ದವರೇ ಜಾಸ್ತಿ. ದೇಶವೆಲ್ಲ ಕೆಲಸವಿಲ್ಲದೆ ಒದ್ದಾಡುತ್ತಿದ್ದ ಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿತ್ತು? ಸಿಟ್ಟಿದ್ದವರೇ ಉತ್ತರ ಬರೆಯುವುದು ಜಾಸ್ತಿ ಅನ್ನುವ ಕಾರಣವೂ ಸೇರಿಕೊಂಡಿತು. ಫಲಿತಾಂಶ ಬಂದಾಗ ಲ್ಯಾಂಡನ್‌ಗೆ ಸಿಕ್ಕಿದ್ದು 531ರಲ್ಲಿ 8 ಎಲೆಕ್ಟರ್‌ಗಳು. ಮೇನ್ ಮತ್ತು ವರ್ಮಾಂಟ್, ಎರಡೇ ರಾಜ್ಯ. ಸ್ವಂತ ಕಾನ್ಸಸ್ ಕೂಡ ಕೈಕೊಟ್ಟಿತು. ಪತ್ರಿಕೆ 1938ರಲ್ಲಿ ಬಾಗಿಲು ಹಾಕಿತು.

ಒಂದು ತಿಂಗಳ ನಂತರ ಲ್ಯಾಂಡನ್ ವಾಷಿಂಗ್ಟನ್ನಿನ ಪತ್ರಕರ್ತರ ಔತಣಕ್ಕೆ ಹೋದರು. ಎದ್ದು ನಿಂತು ಕಾನ್ಸಸ್‌ನ ಸುಂಟರಗಾಳಿಯ ಕಥೆ ಹೇಳಿದರು. ಗಾಳಿ ಬಂದು ಮೊದಲು ಕೊಟ್ಟಿಗೆ ಕಿತ್ತುಕೊಂಡು ಹೋಯಿತು, ಆಮೇಲೆ ಸುತ್ತಲಿನ ಗುಡಿಸಲು, ಆಮೇಲೆ ಮನೆಯನ್ನೇ ಎತ್ತಿ ಊರೆಲ್ಲ ಚೆಲ್ಲಿತು. ಪ್ರಜ್ಞೆ ಬಂದ ಹೆಂಡತಿ ನೋಡಿದರೆ ಗಂಡ ಕೂತು ನಗುತ್ತಿದ್ದಾನೆ. "ಯಾಕ್ರೀ ನಗ್ತೀರಾ, ಬುದ್ಧಿ ಇದೆಯಾ ನಿಮಗೆ?" ಅಂತ ಅವಳು ರೇಗಿದಳು. ಅವನು ಹೇಳಿದ: "ಎಷ್ಟು ಅಚ್ಚುಕಟ್ಟಾಗಿ ಗುಡಿಸಿಕೊಂಡು ಹೋಯ್ತು ನೋಡೇ!"

ಆ ಮನುಷ್ಯ 100 ವರ್ಷ ತುಂಬಿಸಿ 1987ರಲ್ಲಿ ತೀರಿಕೊಂಡರು. ಅವರನ್ನು ಸೋಲಿಸಿದ ರೂಸ್‌ವೆಲ್ಟ್ 1945ರಲ್ಲೇ ಹೋಗಿಬಿಟ್ಟಿದ್ದರು.

1948ರ ಥಾಮಸ್ ಡ್ಯೂಯಿ ಕಥೆ ನಿಮಗೆ ಗೊತ್ತಿರಬಹುದು. 'ಡ್ಯೂಯಿಗೆ ಟ್ರೂಮನ್ ಮೇಲೆ ಜಯ' ಅಂತ ಷಿಕಾಗೊ ಪತ್ರಿಕೆಯೊಂದು ಅವಸರದಲ್ಲಿ ಅಚ್ಚು ಹಾಕಿತು. ಗೆದ್ದ ಟ್ರೂಮನ್ ಅದೇ ಪತ್ರಿಕೆ ಎತ್ತಿ ಹಿಡಿದು ನಗುವ ಫೋಟೋ ಜಗತ್ತೆಲ್ಲ ನೋಡಿತು. ಡ್ಯೂಯಿ ತಮ್ಮ ಸ್ಥಿತಿಯನ್ನು ಶವಪೆಟ್ಟಿಗೆಯಲ್ಲಿ ಎಚ್ಚರವಾದವನಿಗೆ ಹೋಲಿಸಿಕೊಂಡರು. ಬದುಕಿದ್ದರೆ ನಾನು ಇಲ್ಲಿ ಯಾಕಿದ್ದೇನೆ, ಸತ್ತಿದ್ದರೆ ನನಗೆ ಬಾತ್‌ರೂಮಿಗೆ ಹೋಗಬೇಕು ಅಂತ ಯಾಕೆ ಅನಿಸುತ್ತಿದೆ?

1952ರಲ್ಲಿ ಐಸನ್‌ಹೋವರ್ ಎದುರು ಸೋತ ಅಡ್ಲೈ ಸ್ಟೀವನ್ಸನ್ ಟಿವಿಯ ಮುಂದೆ ನಿಂತು ಲಿಂಕನ್ ಹೇಳುತ್ತಿದ್ದ ಮಾತು ನೆನೆದರು. ಕತ್ತಲಲ್ಲಿ ಕಾಲ್ಬೆರಳು ಎಡವಿಕೊಂಡ ಹುಡುಗನೊಬ್ಬ, ಅಳುವ ವಯಸ್ಸಲ್ಲ, ಆದರೆ ನಗುವುದಕ್ಕೂ ಆಗದಷ್ಟು ನೋವು ಅಂದನಂತೆ. ನಾಲ್ಕು ವರ್ಷ ಬಿಟ್ಟು ಅದೇ ಐಸನ್‌ಹೋವರ್ ಎದುರು ಸ್ಟೀವನ್ಸನ್ ಮತ್ತೆ ಸೋತರು.

ಕಾನ್ಸಸ್‌ನಿಂದಲೇ ಬಂದ ಇನ್ನೊಬ್ಬರು ಬಾಬ್ ಡೋಲ್. 1996ರಲ್ಲಿ ಸೋತರು. ಮರುವರ್ಷವೇ ಒಂದು ಕಾರ್ಡ್ ಕಂಪನಿಯ ಜಾಹೀರಾತಿನಲ್ಲಿ ಬಂದರು. ಹುಟ್ಟೂರಿನಲ್ಲಿ ಎಲ್ಲರೂ ಕೈಕುಲುಕಿ ಸ್ವಾಗತಿಸುತ್ತಾರೆ, ಹೋಟೆಲಲ್ಲಿ ಚೆಕ್ ಕೊಟ್ಟಾಗ ಮಾತ್ರ ಗುರುತಿನ ಚೀಟಿ ತೋರಿಸಿ ಅನ್ನುತ್ತಾರೆ. ನನಗೆ ಗೆಲ್ಲುವ ಯೋಗವೇ ಇಲ್ಲ ಅಂತ ಡೋಲ್ ಗೊಣಗುತ್ತಾರೆ. 2008ರಲ್ಲಿ ಸೋತ ಜಾನ್ ಮೆಕೇನ್ ಒಂದೇ ವಾರಕ್ಕೆ ಟಿವಿ ಶೋಗೆ ಬಂದು, ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದೇನೆ ಅಂದರು. ಎರಡು ಗಂಟೆ ಮಲಗುತ್ತೇನೆ, ಎದ್ದು ಅಳುತ್ತೇನೆ.

ಈ ಜೋಕುಗಳು ಕೆಲಸಕ್ಕೆ ಬರುತ್ತವೆ ಅಂತ ನಾನು ಗಟ್ಟಿಯಾಗಿ ನಂಬಿದ್ದು 2000ದ ಕಥೆ ಓದಿದ ಮೇಲೆ. ಅಲ್ ಗೋರ್ ಆ ರಾತ್ರಿ ಜಾರ್ಜ್ ಬುಷ್‌ಗೆ ಫೋನ್ ಮಾಡಿ ಸೋಲು ಒಪ್ಪಿಕೊಂಡರು. ಸ್ವಲ್ಪ ಹೊತ್ತಿಗೆ ಫ್ಲಾರಿಡಾದ ಲೆಕ್ಕ ತೀರಾ ಹತ್ತಿರವಿದೆ ಅಂತ ಗೊತ್ತಾಗಿ, ಮತ್ತೆ ಫೋನ್ ಮಾಡಿ ಒಪ್ಪಿಗೆ ವಾಪಸ್ ತೆಗೆದುಕೊಂಡರು! ಐದು ವಾರ ಕೋರ್ಟು, ಮರುಎಣಿಕೆ. ಕೊನೆಗೆ 537 ಓಟಿನ ಅಂತರದಲ್ಲಿ ಫ್ಲಾರಿಡಾ ಹೋಯಿತು, ಅದರ ಜೊತೆ ಎಲ್ಲವೂ ಹೋಯಿತು. ಡಿಸೆಂಬರ್ 13ರ ಭಾಷಣದಲ್ಲಿ ಗೋರ್, ಬುಷ್‌ಗೆ ಫೋನ್ ಮಾಡಿ ಅಭಿನಂದಿಸಿದೆ, ಈ ಸಲ ಮತ್ತೆ ಫೋನ್ ಮಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂದರು. ಐದು ವಾರ ಹಲ್ಲು ಕಚ್ಚಿಕೊಂಡಿದ್ದ ಅವರ ಬೆಂಬಲಿಗರಿಗೆ ಮುಗೀತು, ಇನ್ನು ಮನೆಗೆ ಹೋಗೋಣ ಅಂತ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ಇತ್ತಾ? ಆಮೇಲೆ ವರ್ಷಗಟ್ಟಲೆ ಅವರು ಭಾಷಣ ಶುರು ಮಾಡುತ್ತಿದ್ದ ರೀತಿ ಇದು: "ನಾನು ಅಲ್ ಗೋರ್. ಒಂದು ಕಾಲದಲ್ಲಿ ಅಮೆರಿಕದ ಮುಂದಿನ ಅಧ್ಯಕ್ಷನಾಗಿದ್ದೆ."

ಈ ಸರಪಳಿ 2020ರಲ್ಲಿ ಕಡಿಯಿತು. ಡೊನಾಲ್ಡ್ ಟ್ರಂಪ್ ಸೋಲು ಒಪ್ಪಲಿಲ್ಲ. 2021ರ ಜನವರಿ 6ಕ್ಕೆ ಅವರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದರು. ನಗುವ ಮಾತು ಅಲ್ಲಿ ಒಂದೂ ಇರಲಿಲ್ಲ. 2024ರಲ್ಲಿ ಅವರೇ ಗೆದ್ದಾಗ ಕಮಲಾ ಹ್ಯಾರಿಸ್ ಮರುದಿನವೇ ಫೋನ್ ಮಾಡಿ ಅಭಿನಂದಿಸಿದರು. ಉಪಾಧ್ಯಕ್ಷೆಯಾಗಿದ್ದರಿಂದ, 2025ರ ಜನವರಿ 6ರಂದು ಸಂಸತ್ತಿನಲ್ಲಿ ತಮ್ಮದೇ ಸೋಲಿನ ಲೆಕ್ಕವನ್ನು ಓದಿ ಹೇಳುವ ಕೆಲಸವೂ ಅವರ ಪಾಲಿಗೇ ಬಂತು. ಗೋರ್ ಕೂಡ 2001ರಲ್ಲಿ ಅದೇ ಕುರ್ಚಿಯಲ್ಲಿ ಕೂತು ಅದನ್ನೇ ಮಾಡಿದ್ದರು.

ಜೋಕು ಹೇಳಿದವರಿಗೆ ನೋವಿರಲಿಲ್ಲ ಅಂತಲ್ಲ. 1972ರಲ್ಲಿ ಜಾರ್ಜ್ ಮೆಕ್‌ಗವರ್ನ್ 50ರಲ್ಲಿ 49 ರಾಜ್ಯ ಸೋತರು. 1984ರಲ್ಲಿ ವಾಲ್ಟರ್ ಮಾಂಡೇಲ್ ಕೂಡ 49 ಸೋತರು, ಉಳಿದದ್ದು ಅವರ ಸ್ವಂತ ಮಿನ್ನೆಸೋಟ, ಅದೂ 4 ಸಾವಿರಕ್ಕಿಂತ ಕಡಿಮೆ ಓಟಿನಲ್ಲಿ. ಸೋತ ಮೇಲೆ ಮಾಂಡೇಲ್ ಮೆಕ್‌ಗವರ್ನ್ ಅವರನ್ನು ಕೇಳಿದರು, ಈ ನೋವು ಹೋಗೋಕೆ ಎಷ್ಟು ದಿನ ಬೇಕು ಅಂತ. ಮೆಕ್‌ಗವರ್ನ್ ಸೋತು ಆಗಲೇ 12 ವರ್ಷ ಆಗಿತ್ತು.

"ಹೋದಾಗ ತಿಳಿಸ್ತೀನಿ" ಅಂದರು.