ಬೋರ್ಡ್ ನೋಡಿ, ರಿಮೋಟನ್ನಲ್ಲ

ಕೊನೆ ಕೊಯ್ಲು ಮುಗಿದು ಅಡಿಕೆ ಮನೆ ಸೇರಿತೆಂದರೆ ನಮ್ಮ ಮಲೆನಾಡಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳ ಕಾಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಶನಿವಾರ ಬಂದರೆ ಎಲ್ಲಾದರೂ ಒಂದು ಕಬಡ್ಡಿ ಇಲ್ಲವೇ ವಾಲಿಬಾಲ್. ಶಿವಮೊಗ್ಗದಿಂದ ಎಲೆಕ್ಟ್ರಾನಿಕ್ ಸ್ಕೋರ್ ಬೋರ್ಡುಗಳನ್ನು ಬಾಡಿಗೆಗೆ ಕೊಂಡೊಯ್ದು ನಡೆಸಿಕೊಡುವುದು ನನ್ನ ಕಸುಬು. ಬೋರ್ಡ್ ನಿಲ್ಲಿಸುವುದು ಕಷ್ಟವಲ್ಲ. ಅದನ್ನು ಆಡಿಸುವ ಪುಟ್ಟ ವೈರ್‌ಲೆಸ್ ರಿಮೋಟನ್ನು ಯಾರ ಕೈಗೆ ಕೊಡುವುದು ಎಂಬುದೇ ಪ್ರತಿ ಊರಿನಲ್ಲೂ ನನ್ನ ಚಿಂತೆ. "ಮೊಬೈಲ್ ಚೆನ್ನಾಗಿ ಬಳಸುತ್ತಾನೆ, ಇವನೇ ಸಾಕು" ಎಂದು ಸಂಘದವರು ಒಬ್ಬ ಹುಡುಗನನ್ನು ತಂದು ನಿಲ್ಲಿಸುತ್ತಾರೆ. ಹುಡುಗ ಚುರುಕಾಗಿಯೇ ಇರುತ್ತಾನೆ. ಈ ಕೆಲಸದಲ್ಲಿ ಹೆಚ್ಚಿನ ತಪ್ಪುಗಳಾಗುವುದು ಚುರುಕಾದ ಬೆರಳಿನಿಂದಲೇ.

ಎರಡು ವರ್ಷದ ಹಿಂದೆ ತುಂಗೆಯ ದಂಡೆಯ ಊರೊಂದರಲ್ಲಿ ಕಬಡ್ಡಿ ಫೈನಲ್. ಕೊನೆಯ ಎರಡು ನಿಮಿಷ ಉಳಿದಿತ್ತು, ಅಂಕ 28–27. ಮುಂದಿದ್ದ ತಂಡದ ಇಬ್ಬರೇ ಅಂಕಣದಲ್ಲಿದ್ದರು. ಹಿಂದಿದ್ದ ತಂಡದ ರೈಡರ್ ಇಬ್ಬರನ್ನೂ ಮುಟ್ಟಿ ಗೆರೆ ದಾಟಿ ಬಂದ. ಮುಟ್ಟಿದ್ದಕ್ಕೆ ಎರಡು, ಆಲೌಟಿಗೆ ಎರಡು. ರಿಮೋಟ್ ಹಿಡಿದಿದ್ದ ಹುಡುಗ ಪಟಪಟನೆ ನಾಲ್ಕು ಸಲ ಒತ್ತಿದ. ರಿಮೋಟಿನ ಕಿರುಪರದೆ 31 ಎಂದಿತು. ಬೋರ್ಡಿನಲ್ಲಿ ಮಾತ್ರ 30. ಆ ಗದ್ದಲದಲ್ಲಿ ಯಾರೂ ಬೋರ್ಡ್ ನೋಡಲಿಲ್ಲ, ನಾನು ಜನರೇಟರಿನ ಬಳಿ ಇದ್ದೆ. ಎದುರು ತಂಡ ಮತ್ತೆರಡು ಅಂಕ ಗಳಿಸಿತು, ಸಮಯ ಮುಗಿಯಿತು. ಬೋರ್ಡಿನ ಪ್ರಕಾರ 30–30, ಪಂದ್ಯ ಸಮ. ಸ್ಕೋರರ್ ಹಾಳೆಯ ಪ್ರಕಾರ 31–30, ಪಂದ್ಯ ಮುಗಿದಿದೆ. ಮೈಕಿನಲ್ಲಿ ಆಗಲೇ ಹೆಚ್ಚುವರಿ ಸಮಯದ ಘೋಷಣೆ ಆಗಿಹೋಗಿತ್ತು. ಹಾಳೆ ಹಿಡಿದು ಒಂದೊಂದೇ ಅಂಕವನ್ನು ಎರಡೂ ತಂಡದ ನಾಯಕರಿಗೆ ಓದಿ ಹೇಳುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಸೋತ ತಂಡದ ಹಿರಿಯರೊಬ್ಬರು ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಬೋರ್ಡಿನಲ್ಲಿ ಸಮ ಇತ್ತಲ್ಲ ಮಾರಾಯರೇ" ಎಂದರು. ಅಷ್ಟೇ ಅಂದದ್ದು. ಆ ರಾತ್ರಿಯಿಂದ ನಾನು ಹುಡುಗರಿಗೆ ಬಟನ್ ಕಲಿಸುವ ಮೊದಲು ಎಲ್ಲಿ ನೋಡಬೇಕೆಂದು ಕಲಿಸುತ್ತೇನೆ.

ನಾಲ್ಕರಲ್ಲಿ ಒಂದು ಎಲ್ಲಿ ಹೋಯಿತು? ಅಗ್ಗದ ರಿಮೋಟುಗಳು ಒಮ್ಮುಖವಾದವು. ಒತ್ತಿದಾಗ "ಒಂದು ಸೇರಿಸು" ಎಂಬ ಸಂದೇಶ ಗಾಳಿಯಲ್ಲಿ ಹೋಗುತ್ತದೆ. ತಲುಪಿತೋ ಇಲ್ಲವೋ ಎಂದು ರಿಮೋಟಿಗೆ ತಿಳಿಯುವುದಿಲ್ಲ, ಆದರೂ ತನ್ನ ಲೆಕ್ಕದಲ್ಲಿ ಅದು ಒಂದನ್ನು ಏರಿಸಿಕೊಂಡಿರುತ್ತದೆ. ಉತ್ತಮ ರಿಮೋಟುಗಳು ಬೋರ್ಡಿನಿಂದ "ಬಂತು" ಎಂಬ ಮರುಸಂದೇಶಕ್ಕೆ ಕಾಯುತ್ತವೆ, ಬರದಿದ್ದರೆ ಮತ್ತೆ ಕಳಿಸುತ್ತವೆ. ಇನ್ನು ಕೆಲವು "ಒಂದು ಸೇರಿಸು" ಎನ್ನುವುದರ ಬದಲು ಪ್ರತಿ ಸಲವೂ "ಈಗ ಒಟ್ಟು 31" ಎಂದು ಪೂರ್ತಿ ಲೆಕ್ಕವನ್ನೇ ಕಳಿಸುತ್ತವೆ. ಅಂಥದ್ದರಲ್ಲಿ ಒಂದು ಸಂದೇಶ ಕಳೆದರೂ ಮುಂದಿನದು ಸರಿಪಡಿಸುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿಯಬೇಕಾದರೆ ಬೋರ್ಡನ್ನು ಆಫ್ ಮಾಡಿ, ರಿಮೋಟಿನಲ್ಲಿ ಎರಡು ಅಂಕ ಏರಿಸಿ, ಬೋರ್ಡ್ ಹಚ್ಚಿ ಮತ್ತೊಂದು ಅಂಕ ಒತ್ತಿ. ಎರಡೂ ಕಡೆ ಒಂದೇ ಸಂಖ್ಯೆ ಬಂದರೆ ಪೂರ್ತಿ ಲೆಕ್ಕ ಹೋಗುತ್ತಿದೆ ಎಂದರ್ಥ. ಬರದಿದ್ದರೆ ಕಿರುಪರದೆಯನ್ನು ನಂಬಬೇಡಿ. ಪ್ರತಿ ಒತ್ತಿಗೂ ತಲೆ ಎತ್ತಿ ಬೋರ್ಡ್ ನೋಡಿ, ಅದು ಬದಲಾದ ಮೇಲೆಯೇ ಮುಂದಿನದನ್ನು ಒತ್ತಿ. ನೆರೆದ ಜನ ನೋಡುತ್ತಿರುವುದೂ ಅದನ್ನೇ.

"ಸಂಜೆ ನಾಲ್ಕಕ್ಕೆ ಪರೀಕ್ಷೆ ಮಾಡಿದಾಗ ಸರಿಯಾಗಿತ್ತು ಅಣ್ಣಾ, ಈಗ ಹಿಡಿಯುತ್ತಿಲ್ಲ" ಎಂದು ರಾತ್ರಿ ಒಂಬತ್ತಕ್ಕೆ ಫೋನ್ ಬರುವುದು ನನಗೆ ಮಾಮೂಲು. ರಿಮೋಟ್ ಕೆಟ್ಟಿರುವುದಿಲ್ಲ, ಮೈದಾನ ತುಂಬಿರುತ್ತದೆ. ಈಗಿನ ಬಹುಪಾಲು ರಿಮೋಟುಗಳು 2.4 ಗಿಗಾಹರ್ಟ್ಸ್ ಆವರ್ತನದ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಈ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ನೀರು ಇದನ್ನು ಚೆನ್ನಾಗಿ ಹೀರುತ್ತದೆ, ಮನುಷ್ಯನ ಮೈಯಲ್ಲಿ ಇರುವುದೂ ಹೆಚ್ಚಾಗಿ ನೀರೇ. ನಾಲ್ಕು ಗಂಟೆಗೆ ಖಾಲಿ ಇದ್ದ ಜಾಗದಲ್ಲಿ ಒಂಬತ್ತಕ್ಕೆ ಐದು ಸಾಲು ಜನ ನಿಂತರೆ ಅಲೆಗೆ ಅದು ಗೋಡೆ. ಇಬ್ಬನಿಯಲ್ಲಿ ತೊಯ್ದ ಸೋಗೆಯ ಚಪ್ಪರವೂ ಹಾಗೆಯೇ. ಆದ್ದರಿಂದ ಬೋರ್ಡಿನ ರಿಸೀವರ್ ಆಂಟೆನಾವನ್ನು ನಿಂತ ಜನರ ತಲೆಗಿಂತ ಮೇಲೆ, ಹತ್ತು ಅಡಿಯಾದರೂ ಎತ್ತರದಲ್ಲಿ, ತಗಡಿನ ಪೆಟ್ಟಿಗೆಯಿಂದ ಹೊರಗೆ ಇಡಿಸುತ್ತೇನೆ. ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುವವರು ವೈಫೈ ರೂಟರ್ ತಂದು ಅದೇ ಕಂಬಕ್ಕೆ ಕಟ್ಟುತ್ತಾರೆ. ಅದೂ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಎರಡಕ್ಕೂ ತೊಂದರೆ. 5 ಗಿಗಾಹರ್ಟ್ಸ್‌ಗೆ ಬದಲಿಸಿ ಎಂದು ಕೇಳಿಕೊಂಡರೆ ಎರಡು ನಿಮಿಷದ ಕೆಲಸ, ಯಾರೂ ಇಲ್ಲ ಎಂದದ್ದಿಲ್ಲ.

ರಿಮೋಟನ್ನು ಟಿವಿಯ ಕಡೆ ಚಾಚುವಂತೆ ಬೋರ್ಡಿನ ಕಡೆ ಚಾಚುವುದು ಇನ್ನೊಂದು ಅಭ್ಯಾಸ. ಟಿವಿ ರಿಮೋಟಿನಿಂದ ಬರುವುದು ಕಣ್ಣಿಗೆ ಕಾಣದ ಬೆಳಕು, ಅದಕ್ಕೆ ಗುರಿ ಬೇಕು. ಸ್ಕೋರ್ ಬೋರ್ಡಿನದು ರೇಡಿಯೊ. ಕಡ್ಡಿ ಆಂಟೆನಾ ತನ್ನ ಸುತ್ತಲೂ ಅಲೆ ಹರಡುತ್ತದೆ, ತುದಿಯ ದಿಕ್ಕಿನಲ್ಲಿ ಅತಿ ಕಡಿಮೆ. ಎಂದರೆ ಆಂಟೆನಾದ ತುದಿಯನ್ನು ಬೋರ್ಡಿಗೆ ಗುರಿಯಿಟ್ಟವನು ಅತಿ ದುರ್ಬಲ ದಿಕ್ಕನ್ನೇ ಆರಿಸಿಕೊಂಡಿರುತ್ತಾನೆ. ಎದೆಮಟ್ಟಕ್ಕೆ, ಆಂಟೆನಾ ನೆಟ್ಟಗೆ ಮೇಲಕ್ಕಿರುವಂತೆ ಹಿಡಿಯಿರಿ. ಅದು ಒಳಗೇ ಇರುವ ಮಾದರಿಯಾದರೆ ಮೇಲಿನ ತುದಿಯನ್ನು ಅಂಗೈಯಿಂದ ಮುಚ್ಚಬೇಡಿ.

ಅಕ್ಕಪಕ್ಕ ಎರಡು ಅಂಕಣಗಳಿದ್ದರೆ ಪ್ರತಿ ರಿಮೋಟ್-ಬೋರ್ಡ್ ಜೋಡಿಗೂ ಬೇರೆ ಗುಂಪು ಸಂಖ್ಯೆ, ಎಂದರೆ ಯಾವ ಬೋರ್ಡ್ ಯಾವ ರಿಮೋಟಿನ ಮಾತು ಕೇಳಬೇಕೆಂದು ಗುರುತಿಸುವ ಸಂಖ್ಯೆ, ಇರಲೇಬೇಕು. ಮರೆತರೆ ಈ ಅಂಕಣದ ಅಂಕ ಆ ಬೋರ್ಡಿನಲ್ಲಿ ಏರುತ್ತದೆ.

ಸಮಯದ ಬಟನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ. ಕಬಡ್ಡಿಯಲ್ಲಿ ಪುರುಷರಿಗೆ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಪ್ರತಿ ರೈಡಿಗೆ 30 ಸೆಕೆಂಡ್. ಪಂದ್ಯದ ಗಡಿಯಾರ ಟೈಮ್ ಔಟ್ ತನಕ ಓಡುತ್ತಲೇ ಇರಬೇಕು, ರೈಡಿನ ಗಡಿಯಾರ ಮಾತ್ರ ಪ್ರತಿ ಸಲ 30ಕ್ಕೆ ಮರಳಬೇಕು. ಒಂದೇ ರಿಮೋಟಿನಲ್ಲಿ ಈ ಎರಡೂ ಇದ್ದು, ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ಒಂದೇ ಬಟನ್ ಇದ್ದರೆ ಒಂದು ಒತ್ತು ಕಳೆದುಹೋಯಿತೆಂದರೆ ಸಾಕು, ಎಲ್ಲವೂ ತಲೆಕೆಳಗು. ನೀವು ನಿಲ್ಲಿಸಿದೆ ಎಂದುಕೊಂಡಿರುತ್ತೀರಿ, ಅದು ಓಡುತ್ತಿರುತ್ತದೆ. ಟೈಮ್ ಔಟ್ ಮುಗಿದಾಗ ಓಡಿಸಲೆಂದು ಮತ್ತೆ ಒತ್ತುತ್ತೀರಿ, ಅದು ನಿಂತುಬಿಡುತ್ತದೆ. ಬ್ಯಾಸ್ಕೆಟ್‌ಬಾಲಿನಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕಿಗೆ ಬೇರೆಯೇ ವ್ಯಕ್ತಿಯನ್ನು ನೇಮಿಸುವ ನಿಯಮವಿದೆ. ನಮ್ಮ ಕಬಡ್ಡಿ ಸಂಘಟಕರೂ ರೈಡಿನ ಸಮಯಕ್ಕೆ ಎರಡನೇ ರಿಮೋಟ್, ಎರಡನೇ ವ್ಯಕ್ತಿ ಇಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಶಾಮಿಯಾನಕ್ಕೂ ಡಿಜೆಗೂ ಸಾವಿರಾರು ರೂಪಾಯಿ ಖರ್ಚು ಮಾಡುವಲ್ಲಿ ಇನ್ನೊಬ್ಬ ಹುಡುಗನಿಗೆ ಕುರ್ಚಿ ಹಾಕುವುದು ದೊಡ್ಡ ಮಾತಲ್ಲ.

ವಾಲಿಬಾಲ್ ಈ ದೃಷ್ಟಿಯಿಂದ ಸುಲಭ. ಗಡಿಯಾರದ ಗೊಡವೆಯಿಲ್ಲ, ಪ್ರತಿ ರ‍್ಯಾಲಿಗೆ ಒಂದೇ ಅಂಕ. ತೊಡಕು ಬರುವುದು ತಂಡಗಳು ಬದಿ ಬದಲಿಸಿದಾಗ, ಅದರಲ್ಲೂ 15 ಅಂಕದ ನಿರ್ಣಾಯಕ ಸೆಟ್ಟಿನಲ್ಲಿ 8ಕ್ಕೆ ಬದಲಿಸಿದಾಗ. ಎಡಗಡೆಯವರಿಗೆ ಎಡ ಬಟನ್ ಎಂದು ಬೆರಳು ರೂಢಿ ಮಾಡಿಕೊಂಡಿರುತ್ತದೆ. ಕಬಡ್ಡಿಯ ಎರಡನೇ ಅವಧಿಯಲ್ಲೂ ಇದೇ ತಪ್ಪು. ನಾನು ಜೆರ್ಸಿಯ ಬಣ್ಣದ ಟೇಪಿನ ಚೂರುಗಳನ್ನು ಬಟನ್ ಪಕ್ಕ ಅಂಟಿಸುತ್ತೇನೆ. ಕೆಂಪು ತಂಡ ಎಲ್ಲಿ ನಿಂತರೂ ಕೆಂಪು ಟೇಪಿನ ಬಟನ್. ಮೈಕಿನವರಿಗೂ "ಎಡಗಡೆ ತಂಡ" ಎನ್ನಬೇಡಿ, ಹೆಸರು ಹೇಳಿ ಎಂದು ಮೊದಲೇ ತಿಳಿಸುತ್ತೇನೆ.

ಸೆಲ್‌ಗಳ ವಿಷಯ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟನ್ನು ಬಹಳ ಹೊತ್ತು ಹಾಗೇ ಹಿಡಿದಿಟ್ಟು ಕೊನೆಯಲ್ಲಿ ಒಮ್ಮೆಗೇ ಬೀಳುತ್ತದೆ, ಮುನ್ಸೂಚನೆ ಸಿಗುವುದಿಲ್ಲ. ರಾತ್ರಿಯಿಡೀ ನಡೆಯುವ ಪಂದ್ಯಾವಳಿಗೆ ನಾನು ಹೊಸ ಆಲ್ಕಲೈನ್ ಸೆಲ್ ಹಾಕಿ, ಇನ್ನೊಂದು ಜೊತೆಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಹಳೆಯದಕ್ಕೆ ಹೊಸದನ್ನು ಬೆರೆಸುವುದಿಲ್ಲ. ಮಳೆಗಾಲಕ್ಕೆ ಮೊದಲು ಸೆಲ್ ತೆಗೆದಿಡದಿದ್ದರೆ ನಮ್ಮ ತೇವಕ್ಕೆ ಸ್ಪ್ರಿಂಗುಗಳು ಹಸಿರುಗಟ್ಟಿರುತ್ತವೆ. ಇನ್ನು ಕರೆಂಟ್ ಹೋಗಿ ಜನರೇಟರ್ ಹಿಡಿಯುವ ಆ ಅರ್ಧ ನಿಮಿಷದಲ್ಲಿ ಕೆಲವು ಬೋರ್ಡುಗಳು ಸೊನ್ನೆಗೆ ಮರಳುತ್ತವೆ. ಬೋರ್ಡಿಗೆ ಒಂದು ಯುಪಿಎಸ್ ಇಡಿ. ಅದು ಸಾಧ್ಯವಿಲ್ಲದಿದ್ದರೆ ಅಂಕ ಮತ್ತು ಉಳಿದ ಸಮಯವನ್ನು ಆಗಾಗ ಚೀಟಿಯಲ್ಲಿ ಬರೆದುಕೊಳ್ಳಿ.

ರಿಮೋಟ್ ಹಿಡಿದವನು ಕೂರಬೇಕಾದದ್ದು ಸ್ಕೋರರ್ ಪಕ್ಕದಲ್ಲಿ, ಗೆಳೆಯರ ನಡುವೆ ಅಲ್ಲ. ನೋಡಬೇಕಾದದ್ದು ರೈಡರನ ಕಾಲನ್ನಲ್ಲ, ತೀರ್ಪುಗಾರರ ಕೈಯನ್ನು. ಬೋನಸ್ ಗೆರೆ ದಾಟಿದ್ದು ನಿಮ್ಮ ಕಣ್ಣಿಗೆ ಕಂಡಿರಬಹುದು, ತೀರ್ಪುಗಾರರು ಸನ್ನೆ ಮಾಡುವವರೆಗೆ ಅದು ಅಂಕವಲ್ಲ. ಮೊದಲೇ ಏರಿಸಿ ಆಮೇಲೆ ಇಳಿಸಿದರೆ, ಆ ಇಳಿದ ಅಂಕವನ್ನು ಕಂಡ ಜನ ತಮ್ಮ ತಂಡದಿಂದ ಯಾರೋ ಕಿತ್ತುಕೊಂಡರು ಎಂದೇ ಭಾವಿಸುತ್ತಾರೆ, ಅವರನ್ನು ದೂರುವಂತಿಲ್ಲ. ಸನ್ನೆಯಾದ ಮೇಲೆ ಸ್ಕೋರರ್ ಗಟ್ಟಿಯಾಗಿ ಹೇಳಲಿ: "ಕೆಂಪು, ಎರಡು, ಒಟ್ಟು 19." ನೀವು ಒತ್ತಿ, ಬೋರ್ಡ್ ನೋಡಿ, "19" ಎಂದು ಮರಳಿ ಹೇಳಿ. ಮೂರೋ ನಾಲ್ಕೋ ಸೆಕೆಂಡ್ ತಡವಾಗುತ್ತದೆ, ಆಗಲಿ. ತಪ್ಪಾದರೆ ಗುಟ್ಟಾಗಿ ತಿದ್ದಬೇಡಿ. ತೀರ್ಪುಗಾರರಿಗೆ ತಿಳಿಸಿ, ಮೈಕಿನಲ್ಲಿ ಹೇಳಿಸಿ, ಎಲ್ಲರೂ ನೋಡುತ್ತಿರುವಾಗ ತಿದ್ದಿ.

ಕೊನೆಯ ಸೀಟಿಯಾದ ತಕ್ಷಣ ಮುಂದಿನ ಪಂದ್ಯಕ್ಕೆಂದು ಬೋರ್ಡನ್ನು ಸೊನ್ನೆ ಮಾಡಲು ಸಂಘದವರು ಅವಸರಪಡಿಸುತ್ತಾರೆ. ನಾನು ಒಪ್ಪುವುದಿಲ್ಲ. ಇಬ್ಬರು ನಾಯಕರೂ ಸ್ಕೋರ್ ಹಾಳೆಗೆ ಸಹಿ ಹಾಕುವವರೆಗೆ ಆ ಸಂಖ್ಯೆಗಳು ಅಲ್ಲೇ ಇರುತ್ತವೆ, ರಿಮೋಟ್ ನನ್ನ ಜೇಬಿನಲ್ಲಿರುತ್ತದೆ.